ಜನಿವಾರಕ್ಕೆ ಕಟ್ಟಿದ ಚಾವಿ

"ಒಂದೇ ಒಂದು ಶಬ್ದದ ಮ್ಯಾಲ ಒಂದು ತಾಸು ಮಾತಾಡ್ತೀನಿ! ಒಬ್ಬರೂ ಕುಂತಲ್ಲಿಂದ ಏಳಬಾರದು, ಹಂಗ!"

ಸೇಡಂನ ಕನ್ನಡ ಮಾಸ್ತರ ಆನಂದತೀರ್ಥರು ಹೀಗೆ ಸಾರಿದ್ದು ತೊಂಬತ್ತೆಂಟರ ಶ್ರಾವಣದಲ್ಲಿ. ಶಬ್ದ 'ಚಾವಿ'. ಅದು ಪೋರ್ಚುಗೀಸರ ಹಡಗಿನಲ್ಲಿ ಬಂದು, ಗೋವೆಯಲ್ಲಿ ಇಳಿದು, ಮರಾಠಿಗರ ಸೊಂಟ ಸೇರಿ, ಹಿಂದಿಯವರ ಕೈಯಲ್ಲಿ 'ಚಾಬಿ'ಯಾಗಿ, ಕೊನೆಗೆ ನಮ್ಮ ಸೀಮೆಯ ಹೆಂಗಸರ ಸೆರಗಿನ ತುದಿಗೆ ಗಂಟುಬಿದ್ದ ಕಥೆಯನ್ನು ಇಪ್ಪತ್ತು ಪುಟ ಬರೆದಿದ್ದರು. ಮೊದಲ ಕರಡಿನ ಮೇಲೆ ಹೆಂಡತಿ ಶಾರದಾಬಾಯಿ ಹಪ್ಪಳ ಒಣಹಾಕಿದ್ದರು. ಅದಕ್ಕೇ ಈ ಸಲ ಪುಟಗಳನ್ನು ಕಬ್ಬಿಣದ ಅಲಮಾರಿಯಲ್ಲಿಟ್ಟು, ಕೀಲಿ ಹಾಕಿ, ಚಾವಿಯನ್ನು ಅಜ್ಜನ ಪದ್ಧತಿಯಂತೆ ಜನಿವಾರಕ್ಕೇ ಕಟ್ಟಿಕೊಂಡರು. ಅದಕ್ಕಿಂತ ಭದ್ರವಾದ ಜಾಗ ಭೂಮಂಡಲದಲ್ಲಿ ಎಲ್ಲಿದೆ!

ಭಾಷಣದ ದಿನವೇ ನೂಲ ಹುಣ್ಣಿಮೆ. ಬೆಳಿಗ್ಗೆ ಮಳಖೇಡಕ್ಕೆ ಹೋಗಿ, ಕಾಗಿಣಾ ನದಿಯಲ್ಲಿ ಮುಳುಗಿ, ಹೊಸ ಜನಿವಾರ ಧರಿಸಿ, ಹಳೆಯದನ್ನು ಪರಮ ಭಕ್ತಿಯಿಂದ ಹೊಳೆಗೆ ಬಿಟ್ಟು ಬಂದರು. ನಾಲ್ಕು ಗಂಟೆಗೆ ಅಲಮಾರಿಯ ಮುಂದೆ ನಿಂತು ಎದೆ ಮುಟ್ಟಿಕೊಂಡವರು ಅಲ್ಲೇ ಕುಸಿದರು.

"ಏನಾತ್ರಿ? ಎದಿ ಹಿಡೀತೇನು?"

"ಚಾವಿ... ಹೊಳ್ಯಾಗ..."

ಶಾರದಾಬಾಯಿಗೆ ಅರ್ಥವಾಗಲು ಒಂದು ಗಳಿಗೆ ಹಿಡಿಯಿತು. ನಗು ತಡೆಯಲು ಎರಡು.

"ಸಮುದ್ರದಿಂದ ಬಂದದ್ದು ಅಂದ್ರಲ್ಲ, ವಾಪಸ್ ಹೊಂಟದ ಬಿಡ್ರಿ! ಇನ್ನೊಂದು ಚಾವಿ ಎಲ್ಲದ?"

"ಅಲಮಾರಿ ಒಳಗ."

"ಭಾಳ ಶಾಣ್ಯಾ ಇದ್ದೀರಿ!"

ಐದಕ್ಕೆ ಸಭೆ. ಬಾಯಿಪಾಠ ಇದ್ದದ್ದು 'ಮಾನ್ಯರೇ' ಒಂದೇ. ಊರೆಲ್ಲ ಡಂಗುರ ಹೊಡೆದವರ ಮಾನ ಇನ್ನೊಂದು ತಾಸಿನಲ್ಲಿ ಹೋಗುವುದಿತ್ತು. ಶಾರದಾಬಾಯಿ ಮಾತು ಬೆಳೆಸದೆ ಓಣಿಯ ತುದಿಗೆ ಹೋಗಿ, ಕೊಡೆ, ಕೀಲಿ ರಿಪೇರಿ ಮಾಡುವ ಗುಲಾಮ ದಸ್ತಗೀರರನ್ನು ಕರೆತಂದರು.

ಮುದುಕರು ನಾಡಿ ಹಿಡಿಯುವ ವೈದ್ಯರಂತೆ ಅಲಮಾರಿಯ ಮೇಲೆ ಕೈಯಾಡಿಸಿದರು. ಕಿವಿ ಹಚ್ಚಿದರು. "ಬಾಯಾರ, ಫ್ಯಾನ್ ಬಂದ್ ಮಾಡ್ರಿ" ಎಂದರು. ಕಿಸೆಯಿಂದ ಕೊಡೆಯ ಮುರಿದ ಕಡ್ಡಿಯೊಂದನ್ನು ತೆಗೆದು, ತುದಿ ಬಗ್ಗಿಸಿ, ತೂರಿಸಿ, ಕಣ್ಣು ಮುಚ್ಚಿ ತಿರುವಿದರು.

ಖಟ್!

ಒಂದು ಗೀರೂ ಬೀಳಲಿಲ್ಲ. ಇಪ್ಪತ್ತೂ ಪುಟ ಒಳಗೆ ತಣ್ಣಗೆ ಮಲಗಿದ್ದವು.

ಮಾಸ್ತರರು ಪುಟಗಳನ್ನು ಮರೆತು ಆ ಬೆರಳುಗಳನ್ನೇ ನೋಡುತ್ತ ನಿಂತರು. ಎಂಥ ವಿದ್ಯೆ! ಸಭೆಗೆ ಹೊತ್ತಾಗುತ್ತಿದ್ದರೂ ಪೆನ್ನು ತೆಗೆದರು.

"ವಾಹ್ ಚಾಚಾ! ಈ ಕಡ್ಡಿಗಿ ನಿಮ್ಮ ಕಡೆ ಏನಂತಾರ? ಉರ್ದು ಶಬ್ದನೋ, ಫಾರ್ಸಿಯೋ?"

ದಸ್ತಗೀರರು ಕಡ್ಡಿಯನ್ನು ಕಿಸೆಗಿಳಿಸಿ, ಹೊಸ್ತಿಲು ದಾಟಿದರು.

"ಹೆಸ್ರು ಇಟ್ಟಿಲ್ರಿ ಸರ್. ತೆಗೀತದ, ಅಷ್ಟೇ."