ಅಜ್ಜಿಯ ಬೇಡಿಕೆಯ ನಿರ್ವಹಣೆ

ವಿದ್ಯುತ್ ಕೊರತೆಗೆ ಮನೆಗಳ ಬೇಡಿಕೆಯೇ ಕಾರಣವೆಂದು ಇಲಾಖೆಯು ಕೂಲಂಕಷವಾಗಿ ಪರಿಶೀಲಿಸಿ ಕಂಡುಕೊಂಡಿದೆ. ಬೇಡಿದರೆ ತಾನೆ ಬೇಡಿಕೆ? ಆದ್ದರಿಂದ ಗೃಹಬಳಕೆದಾರರು ಯಾರೂ ‘ಬೇಕು’ ಎನ್ನತಕ್ಕದ್ದಲ್ಲ, ಅಂದವರ ಮನೆಯ ಫ್ಯೂಸನ್ನು ಸ್ಥಳದಲ್ಲೇ ಕೀಳತಕ್ಕದ್ದು ಎಂದು ಆದೇಶ ಹೊರಟಿತು. ಬೀದಿಗೊಬ್ಬರಂತೆ ಬೇಡಿಕೆ ನಿರ್ವಾಹಕರ ನೇಮಕವೂ ಆಯಿತು. ಎಷ್ಟು ಸರಳ ನೋಡಿ! ಇಷ್ಟು ದಿನ ಯಾವ ಪುಣ್ಯಾತ್ಮನಿಗೂ ಹೊಳೆದಿರಲಿಲ್ಲ.

ನಮ್ಮ ಬೀದಿಯ ನಿರ್ವಾಹಕರು ಮೊದಲು ಕಾಲಿಟ್ಟದ್ದು ದರ್ಜಿಯ ಮನೆಗೆ. ದರ್ಜಿಯ ತಾಯಿಗೆ ಉಬ್ಬಸ. ಔಷಧಿಯನ್ನು ಹಬೆ ಮಾಡಿ ಮೂಗಿಗೆ ಕೊಡುವ ಪುಟ್ಟ ಯಂತ್ರವೊಂದು ಮಂಚದ ಪಕ್ಕದಲ್ಲಿತ್ತು. ಅದು ಓಡದಿದ್ದರೆ ಅಜ್ಜಿಯ ಉಸಿರೂ ಓಡದು.

“ಅಯ್ಯೋ, ಅತ್ತೆಗೆ ಇದು ಬೇಕೇ ಬೇಕು ಸಾರ್!” ಎಂದುಬಿಟ್ಟಳು ಸೊಸೆ.

“ಎರಡು ಸಲ ಅಂದ್ರಿ,” ಎಂದು ನಿರ್ವಾಹಕರು ಫ್ಯೂಸ್ ಕಿತ್ತು ಜೇಬಿಗಿಳಿಸಿದರು.

“ಅವರ ಜೀವ ಹೋದ್ರೆ?”

“ಜೀವ ನಮ್ಮ ಇಲಾಖೆಗೆ ಬರಲ್ಲಮ್ಮ. ಅಷ್ಟಕ್ಕೂ ಅವರೇನೂ ಕೇಳಿಲ್ಲವಲ್ಲ.”

ಕೇಳಲು ಅಜ್ಜಿ ಬಾಯೇನೋ ತೆರೆದಿದ್ದರು. ಉಸಿರು ಸಿಕ್ಕಿರಲಿಲ್ಲ.

ಸೊಸೆಗೆ ಮೈಯೆಲ್ಲ ಉರಿದುಹೋಯಿತು. ಗಂಡನ ಕೈಲಿ ಅತ್ತೆಯನ್ನು ಎತ್ತಿಸಿ, ಯಂತ್ರವನ್ನು ಕಂಕುಳಲ್ಲಿ ಇರುಕಿಕೊಂಡು, ಬೀದಿ ತುದಿಯ ಇಲಾಖೆಯ ಕಚೇರಿಗೇ ನುಗ್ಗಿದಳು. ಅಲ್ಲಿ ಖಾಲಿ ಕೋಣೆಗಳಲ್ಲೂ ದೀಪ ಉರಿಯುತ್ತಿತ್ತು, ಖಾಲಿ ಕುರ್ಚಿಗಳೂ ಫ್ಯಾನಿನ ಗಾಳಿ ತಿನ್ನುತ್ತಿದ್ದವು. ಅವಳು ಯಾರನ್ನೂ ಕೇಳಲಿಲ್ಲ, ಪ್ಲಗ್ ಚುಚ್ಚಿದಳು. ಯಂತ್ರ ಗುರ್ ಎಂದಿತು. ಅಜ್ಜಿಗೆ ಹೋದ ಉಸಿರು ಬಂತು, ನಮಗೂ.

ಹಿರಿಯ ಅಧಿಕಾರಿ ಬಂದು ಪರಿಶೀಲಿಸಿದರು. ಕಚೇರಿ ಮನೆಯಲ್ಲ, ಆದ್ದರಿಂದ ಇದು ಗೃಹಬಳಕೆಯಲ್ಲ. ಯಾರೂ ‘ಬೇಕು’ ಅಂದಿಲ್ಲ, ಆದ್ದರಿಂದ ಬೇಡಿಕೆಯೂ ಅಲ್ಲ. “ಇರಲಿ ಬಿಡಿ,” ಎಂದರು.

ಮರುದಿನ ಬೀದಿಗೆ ಬೀದಿಯೇ ಬಂತು. ಸಭಾಂಗಣದಲ್ಲಿ ಇಸ್ತ್ರಿ, ಮೆಟ್ಟಿಲ ಕೆಳಗೆ ಮಿಕ್ಸಿ, ಅಧಿಕಾರಿಯ ಮೇಜಿನ ಮೇಲೆ ದರ್ಜಿಯ ಹೊಲಿಗೆ ಯಂತ್ರ. ಮನೆಗಳ ಬೇಡಿಕೆ ಸೊನ್ನೆಗಿಳಿಯಿತು. ಕೂಡಲೇ ಪ್ರಕಟಣೆ ಬಂತು: “ಕೊರತೆ ನೀಗಿದೆ. ಸಾರ್ವಜನಿಕರು ದಯವಿಟ್ಟು ಮನೆಗಳಿಗೆ ಮರಳಬಾರದೆಂದು ವಿನಂತಿ.”

ಈಗ ಎಲ್ಲರೂ ಇಲ್ಲೇ ಇದ್ದೇವೆ. ಮೊನ್ನೆ ಮಧ್ಯಾಹ್ನ ಮಾತ್ರ ಅಜ್ಜಿ, “ಕಣ್ಣು ಕುಕ್ಕುತ್ತೆ ಕಣಪ್ಪ, ನಿದ್ದೆ ಹತ್ತಲ್ಲ. ತಲೆ ಮೇಲಿನ ಆ ಒಂದು ದೀಪ ಆರಿಸಬೇಕು,” ಎಂದರು.

ನಿರ್ವಾಹಕರು ಎದ್ದು ಬಂದರು. “‘ಬೇಕು’ ಅಂದ್ರಿ ಅಜ್ಜಿ. ಅದೂ ಬೇಡಿಕೆನೇ.” ಅವರ ಕೈ ಆಗಲೇ ಯಂತ್ರದ ಪ್ಲಗ್ ಮೇಲಿತ್ತು.

“ಬೇಡಪ್ಪ, ಬೇಡ! ಉರೀಲಿ ಬಿಡು,” ಎಂದು ಅಜ್ಜಿ ಹೊದಿಕೆಯನ್ನು ಮುಖದ ಮೇಲೆ ಎಳೆದುಕೊಂಡರು.

ನಾವೂ ಎಳೆದುಕೊಂಡೆವು.