ಮಾವನ ಪಿಕಪ್ಪಿಗೆ ಹೊಸ ಬೆನ್ನೆಲುಬು

ಕಬ್ಬಿಣದ ಬೀರುವೊಂದನ್ನು ಈ ಬೀದಿಯಿಂದ ಮೂರನೆಯ ಬೀದಿಗೆ ಸಾಗಿಸುವುದು ನೋಡುವವರಿಗೆ ಸಣ್ಣ ಸಂಗತಿ. ಆದರೆ ಸಂಸಾರಗಳ ಹಣೆಬರಹ ಬದಲಾಗುವುದು ಇಂಥ ಸಂಗತಿಗಳಿಂದಲೇ ಆದ್ದರಿಂದ, ಅಂದು ಬೆಳಗ್ಗೆ ಆರೂವರೆಗೆ ಲೆಕ್ಕದ ಮೇಷ್ಟ್ರ ಬೀರು ಪಿಕಪ್ ಏರಿತೆಂಬುದನ್ನು ತಕ್ಕ ಗಾಂಭೀರ್ಯದಿಂದಲೇ ದಾಖಲಿಸಬೇಕಾಗಿದೆ.

ಪಿಕಪ್ ಓಡಿಸುತ್ತಿದ್ದವನು ಮೇಷ್ಟ್ರ ಪಕ್ಕದ ಮನೆಯ ಫೋಟೋ ಚೌಕಟ್ಟಿನ ಅಂಗಡಿಯವನು. ಪಿಕಪ್ ಮಾತ್ರ ಅವನ ಮಾವನದು. ಮಾವ ಮೂವತ್ತು ವರ್ಷ ಲೈಸೆನ್ಸ್ ಪರೀಕ್ಷೆ ನಡೆಸಿದ ಅಧಿಕಾರಿ. ಸ್ವಂತ ಅಳಿಯನನ್ನೇ ಎರಡು ಸಲ ಫೇಲು ಮಾಡಿದವರು. ನಿವೃತ್ತಿಯಾದ ಮೇಲೆ ಹಳೆಯ ಪಿಕಪ್ಪನ್ನು ನೋಡಿಕೊಳ್ಳಲು ಅಳಿಯನಿಗೆ ಒಪ್ಪಿಸಿ, ಮೂರು ತಿಂಗಳಿಗೊಮ್ಮೆ ತಪಾಸಣೆಗೆ ಬರುತ್ತಿದ್ದರು. ಎಲ್ಲ ಸರಿಯಿದ್ದರೆ ಮರುದಿನವೇ ವಾಪಸು. ಇಲ್ಲವಾದರೆ ಸರಿಹೋಗುವ ತನಕ ಅಳಿಯನ ಮನೆಯಲ್ಲೇ ಠಿಕಾಣಿ. ಹೋದ ಸಲ ವೈಪರ್ ಕಿರುಗುಟ್ಟಿತೆಂದು ಹತ್ತೊಂಬತ್ತು ದಿನ ಇದ್ದರು. ಅಷ್ಟರಲ್ಲಿ ಅಳಿಯ ಬಾಗಿಲು ಹಾಕುವುದು, ಚಹಾ ಕುಡಿಯುವುದು, ಸೀನುವುದು ಎಲ್ಲದರಲ್ಲೂ ಫೇಲಾಗಿ ನಾಲ್ಕು ಕೆಜಿ ಇಳಿದಿದ್ದ.

ಇವತ್ತು ನಾಲ್ಕು ಗಂಟೆಯ ಬಸ್ಸಿಗೆ ಮಾವ ಬರುವವರಿದ್ದರು.

ಎರಡನೆಯ ತಿರುವಿನಲ್ಲಿ ಅಡಿಯಿಂದ ‘ಕಟಕ್’ ಎಂಬ ಸದ್ದು ಬಂತು. ಪಿಕಪ್ ಮುನಿಸಿಕೊಂಡ ಎಮ್ಮೆಯಂತೆ ನಡುಬೀದಿಯಲ್ಲೇ ಕೂತುಬಿಟ್ಟಿತು.

ಗ್ಯಾರೇಜಿನವನನ್ನು ಎಲ್ಲರೂ ಡಾಕ್ಟರು ಎನ್ನುತ್ತಿದ್ದರು. ಇಂಜಿನ್ನಿನ ಮೇಲೆ ಸ್ಕ್ರೂಡ್ರೈವರ್ ಇಟ್ಟು ಅದರ ಹಿಡಿಗೆ ಕಿವಿಗೊಟ್ಟು ರೋಗ ಹೇಳುವುದು ಅವನ ಪದ್ಧತಿ. ಬೀರುವನ್ನು ಇಳಿಸಿ ಎಲ್ಲರೂ ಪಿಕಪ್ಪನ್ನು ಗ್ಯಾರೇಜಿಗೆ ತಳ್ಳಿಕೊಂಡು ಬಂದ ಮೇಲೆ ಅವನು ಅಡಿಗೆ ನುಸುಳಿ, ಸಾವಕಾಶವಾಗಿ ಹೊರಬಂದ.

“ಹಿಂದಿನ ಚಕ್ರ ತಿರುಗಿಸೋ ಆಕ್ಸಲ್ ಎರಡು ತುಂಡು. ಇಂಜಿನ್ನಿಂದ ಬರೋ ಉದ್ದ ಶಾಫ್ಟೂ ತಿರುಚ್ಕೊಂಡಿದೆ. ಬದುಕೋದಿಲ್ಲ.”

“ಅಯ್ಯೋ, ನಾಲ್ಕು ಗಂಟೆಗೆ ನಮ್ಮ ಮಾವ ಬರ್ತಾರೆ ಕಣಯ್ಯಾ!”

“ಹಾಗಾದ್ರೆ ನೀವೂ ಬದುಕೋದಿಲ್ಲ.”

ಅಳಿಯ ಅಲ್ಲೇ ಬಿದ್ದಿದ್ದ ಹಳೇ ಟಯರಿನ ಮೇಲೆ ಕೂತುಬಿಟ್ಟ. ಡಾಕ್ಟರಿಗೆ ಕನಿಕರ ಬಂತು. “ಹಿತ್ತಲಲ್ಲಿ ಗುಜರಿಗೆ ಬಂದ ಮಿನಿ ಲಾರೀದು ಇದೆ. ಆಕ್ಸಲ್ಲು, ಶಾಫ್ಟು ಎರಡೂ ಗಟ್ಟಿ. ಆನೆ ಕೂರಿಸಿದ್ರೂ ಜಪ್ಪಯ್ಯ ಅನ್ನಲ್ಲ.”

“ಹಾಕು ಹಾಕು,” ಎಂದರು ಲೆಕ್ಕದ ಮೇಷ್ಟ್ರು. ತಮ್ಮ ಬೀರುವಿನಿಂದಲೇ ಇಷ್ಟೆಲ್ಲ ಆಯಿತೆಂಬ ಪಶ್ಚಾತ್ತಾಪ ಅವರಲ್ಲಿ ಸಲಹೆಗಳ ರೂಪದಲ್ಲಿ ಉಕ್ಕುತ್ತಿತ್ತು.

ಶಾಫ್ಟು ಒಂದು ಗೇಣು ಉದ್ದವಾಯಿತು. ಕತ್ತರಿಸಿ ವೆಲ್ಡ್ ಮಾಡಿದ್ದಾಯಿತು. ಆದರೆ ಆಕ್ಸಲ್ ಕೂರಲೊಲ್ಲದು. ಮಿನಿ ಲಾರಿಯಲ್ಲಿ ಅದು ಸ್ಪ್ರಿಂಗ್ ಪಟ್ಟಿಗಳ ಮೇಲಿತ್ತು, ಪಿಕಪ್ಪಿನಲ್ಲಿ ಕೆಳಗಿರಬೇಕು. ಪಟ್ಟಿ ಕೂರುವ ಜಾಗ ಪೂರ್ತಿ ತಲೆಕೆಳಗು. ಗಡಿಯಾರ ಎರಡು ಹೊಡೆಯಿತು. ಅಳಿಯನ ಎದೆ ಅದಕ್ಕಿಂತ ಜೋರಾಗಿ ಹೊಡೆಯಿತು.

ಮೇಷ್ಟ್ರು ಒಂದು ಕಣ್ಣು ಮುಚ್ಚಿ ನೋಡಿದರು. “ಕವುಚಿ ಹಾಕ್ರಯ್ಯ! ಮೇಲಿನದು ಕೆಳಗೆ, ಕೆಳಗಿನದು ಮೇಲೆ. ಉದ್ದ ಬದಲಾಗುತ್ತಾ? ಇಲ್ಲ. ಅಗಲ? ಅದೂ ಇಲ್ಲ. ಮತ್ತೇನು ಯೋಚನೆ?”

ಕವುಚಿದ್ದೇ ತಡ, ಹೇಳಿ ಮಾಡಿಸಿದಂತೆ ಕೂತಿತು.

ಮೂರೂವರೆಗೆ ಅಳಿಯ ಫಸ್ಟ್ ಗೇರು ಹಾಕಿ ಕ್ಲಚ್ ಬಿಟ್ಟ. ಪಿಕಪ್ ಹಿಂದಕ್ಕೆ ಹಾರಿ ನೀರಿನ ಡ್ರಮ್ಮನ್ನು ಉರುಳಿಸಿತು.

“ರಿವರ್ಸ್ ಹಾಕಿದ್ರಿ!”

“ಇಲ್ಲ ಕಣೋ, ಫಸ್ಟೇ!”

ಸೆಕೆಂಡ್ ಹಾಕಿದರೆ ಇನ್ನೂ ಜೋರಾಗಿ ಹಿಂದಕ್ಕೆ. ಡಾಕ್ಟರು ಹಣೆ ಚಚ್ಚಿಕೊಂಡ. “ಕವುಚಿದ್ವಲ್ಲ! ಚಕ್ರ ಉಲ್ಟಾ ತಿರುಗ್ತಿದೆ. ಈಗ ಮುಂದೆ ಹೋಗೋಕೆ ರಿವರ್ಸ್ ಒಂದೇ. ಹಿಂದೆ ಹೋಗೋಕೆ ನಾಲ್ಕು ಗೇರು.”

“ಒಟ್ಟು ಐದೇ ತಾನೆ?” ಎಂದರು ಮೇಷ್ಟ್ರು. “ಲೆಕ್ಕ ಸರಿಯಾಗೇ ಇದೆ.”

ಬಿಚ್ಚಲು ಹೊತ್ತಿರಲಿಲ್ಲ. ಅಳಿಯ ರಿವರ್ಸ್ ಗೇರಿನಲ್ಲಿ ಮುಂದಕ್ಕೆ ಹೊರಟ. ಇಂಜಿನ್ನು ಗೋಳಾಡುತ್ತಿತ್ತು, ಸೈಕಲ್ಲಿನವರು ಗಂಟೆ ಬಾರಿಸಿ ಹಿಂದೆ ಹಾಕುತ್ತಿದ್ದರು. ಬಸ್ ನಿಲ್ದಾಣದಲ್ಲಿ ಮಾವ ಚೀಲ ಹಿಡಿದು, ಗಡಿಯಾರ ನೋಡುತ್ತ ನಿಂತಿದ್ದರು.

“ಪಕ್ಕಕ್ಕೆ ಸರೀರಿ ಅಳಿಯಂದ್ರೇ. ನಾನೇ ಓಡಿಸ್ತೀನಿ.”

ಅಳಿಯ ಸ್ಟೀರಿಂಗನ್ನು ಇನ್ನೂ ಗಟ್ಟಿಯಾಗಿ ಹಿಡಿದುಕೊಂಡ. “ಬೇಡ ಮಾವ, ದಣಿದು ಬಂದಿದ್ದೀರಿ...”

“ದಣಿಯೋಕೆ ನಾನೇನು ಬಸ್ಸು ತಳ್ಕೊಂಡು ಬಂದ್ನಾ? ಸರೀರಿ.”

ಮಾವ ಕೂತರು. ಕನ್ನಡಿ ಸರಿಪಡಿಸಿಕೊಂಡರು. ಫಸ್ಟ್ ಹಾಕಿದರು. ಪಿಕಪ್ ಹಿಂದಕ್ಕೆ ಸರಿದು ಪತ್ರಿಕೆ ಮಾರುವವನ ಮೇಜಿಗೆ ಎರಡಂಗುಲ ಇರುವಾಗ ನಿಂತಿತು. ಮಾವ ಪರೀಕ್ಷೆಗೆ ಬಂದವರಂತೆ ಎಚ್ಚರದಿಂದ ಇನ್ನೊಮ್ಮೆ ಫಸ್ಟ್ ಹಾಕಿದರು. ಈ ಸಲ ಮೇಜು ಮಗುಚಿತು. ಮಾರುವವನು ಕೂಗಿಕೊಂಡ.

ಮಾವ ಕೀಲಿ ತಿರುಗಿಸಿ ಇಂಜಿನ್ ಆರಿಸಿದರು. ಅಳಿಯ ಕಣ್ಣು ಮುಚ್ಚಿಕೊಂಡ. “ಮಾವ, ತಪ್ಪಾಯ್ತು, ಇವತ್ತು ಬೆಳಗ್ಗೆ...”

“ಸುಮ್ಮನಿರಿ,” ಮಾವ ಅವನ ಕೈ ಹಿಡಿದರು. “ನನ್ನ ಮಗಳಿಗೆ ಹೇಳಬೇಡಿ.”

“ಏ... ಏನನ್ನ?”

“ಹೋದ ತಿಂಗಳು ಕನ್ನಡಕ ತಲೆ ಮೇಲಿಟ್ಕೊಂಡು ಮನೆಯೆಲ್ಲ ಹುಡುಕಿದೆ. ಆವಾಗಲೇ ಅನುಮಾನ ಇತ್ತು. ಈಗ ಫಸ್ಟ್ ಯಾವುದು, ರಿವರ್ಸ್ ಯಾವುದು ಅನ್ನೋದೂ ಹೋಯ್ತು. ಮುಗೀತು ಬಿಡಿ, ನನ್ನ ಕಥೆ.”

ಇಲ್ಲಿ ಅಳಿಯ ನಿಜ ಹೇಳಬಹುದಿತ್ತು. ನಿಜ ಗಂಟಲವರೆಗೂ ಬಂದಿತ್ತು. ಹತ್ತೊಂಬತ್ತು ದಿನಗಳು ನೆನಪಾಗಿ, ಅವನು ಅದನ್ನು ನುಂಗಿಕೊಂಡ.

“ವಯಸ್ಸು ಮಾವ,” ಎಂದ ಮೆಲ್ಲಗೆ. “ಆಗುತ್ತೆ.”

ವಾಪಸು ಅವನೇ ಓಡಿಸಿದ. ಮಾವ ಅವಮಾನದಿಂದ ಗೇರಿನ ಕಡೆ ತಿರುಗಿಯೂ ನೋಡಲಿಲ್ಲ. ಅರ್ಧ ದಾರಿಗೆ ಬಂದಾಗ, “ಎಷ್ಟು ಜೋಪಾನವಾಗಿ ಓಡಿಸ್ತೀರಿ! ನಾನೇ ನಿಮ್ಮನ್ನ ತಪ್ಪು ತಿಳಿದಿದ್ದೆ. ಪಾಸು,” ಎಂದರು. ಮದುವೆಯಾಗಿ ಹನ್ನೊಂದು ವರ್ಷಕ್ಕೆ ಸಿಕ್ಕ ಮೊದಲ ಪಾಸು. ಅಳಿಯನಿಗೆ ಹಾಡಬೇಕೆನಿಸಿತು.

ಮನೆ ಬಾಗಿಲಲ್ಲಿ ಮಾವ ಚೀಲವನ್ನು ಮಗಳ ಕೈಗೆ ಕೊಟ್ಟರು.

“ಇನ್ನು ಇಲ್ಲೇ ಇರ್ತೀನಮ್ಮ. ಈ ವಯಸ್ಸಲ್ಲಿ ಒಬ್ಬನೇ ಇರಬೇಡಿ ಅಂತ ಅಳಿಯಂದ್ರು ಒಂದೇ ಸಮ ಹಟ.”

ಹೆಂಡತಿ ಕಣ್ಣೊರೆಸಿಕೊಂಡಳು. “ನೀವು ಇಷ್ಟು ಒಳ್ಳೆಯವರು ಅಂತ ನನಗೆ ಗೊತ್ತೇ ಇರ್ಲಿಲ್ಲ ನೋಡಿ!”

ಇದಾಗಿ ಏಳು ತಿಂಗಳಾಯಿತು. ಮಾವ ಬೀದಿ ಕಡೆಯ ಕೋಣೆಯಲ್ಲಿದ್ದಾರೆ. ದಿನಾ ಬೆಳಗ್ಗೆ ಸಂಜೆ ಅವರನ್ನು ಪಿಕಪ್ಪಿನಲ್ಲಿ ತಿರುಗಾಡಿಸುವ ಕೆಲಸ ಅಳಿಯನದು. ಹೀಗಾಗಿ ಆಕ್ಸಲ್ ಸರಿಮಾಡಿಸಲು ಪಿಕಪ್ಪಿಗೆ ಇನ್ನೂ ಬಿಡುವು ಸಿಕ್ಕಿಲ್ಲ.