ಲಿಗೋರನ ಶನಿವಾರದ ಊಟ

ಬ್ಯುರೆಕ್ ಎಂಬ ಪದರದ ಕಡುಬು ಮತ್ತು ಮಜ್ಜಿಗೆ, ನೂರೈವತ್ತು ಲೆಕ್. ಬಂದರಿನ ಬಳಿ ಕರಿದ ಸಣ್ಣ ಮೀನು, ಐನೂರು. ಕಾಫಿ ನೂರು. ಮನೆಯ ಊಟಕ್ಕೆ ಕುರಿಮಾಂಸ ಒಂದು ಕಿಲೋ, ಸಾವಿರದ ಇನ್ನೂರು. ಅದರ ಮೇಲೆ ಸುರಿಯುವ ಮೊಸರು ಇನ್ನೂರು. ಪ್ರವಾಸ ಕಚೇರಿಯ ಎಂತೆಲಾಳ ಪಾಲು ಮುನ್ನೂರು. ಎಲ್ಲ ಸೇರಿ ಎರಡು ಸಾವಿರದ ನಾನೂರ ಐವತ್ತು. ಅತಿಥಿ ಕೊಡುವ ಶುಲ್ಕ ಮೂರು ಸಾವಿರ. ಉಳಿಯುವುದು ಐನೂರ ಐವತ್ತು ಲೆಕ್.

ನಾಲ್ಕು ಜನ ಬಂದರೆ ಅದೇ ಒಂದು ಕಿಲೋ ಮಾಂಸ ನಾಲ್ವರಿಗೂ ಸಾಕಾಗಿ ಕೈಗೆ ಏನಾದರೂ ಹತ್ತುತ್ತಿತ್ತು. ಈ ಶನಿವಾರ ಬರುವವನು ಒಬ್ಬನೇ. ಹಾಗಿದ್ದರೆ ಮಾಂಸ ಕಡಿಮೆ ತರಬಹುದಿತ್ತಲ್ಲ ಎಂದರೆ, ಲಿಗೋರನಿಗೆ ಬರುತ್ತಿದ್ದುದು ಒಂದೇ ಅಡಿಗೆ, ಅದೂ ಒಂದೇ ಅಳತೆಯಲ್ಲಿ. ಹೆಂಡತಿ ವಾಸಿಲ್ಕಾ ಕಾಯಿಲೆ ಬಿದ್ದಾಗ ಹಾಸಿಗೆಯಿಂದಲೇ ಕೂಗಿ ಹೇಳಿಕೊಟ್ಟದ್ದು: ಒಂದು ಕಿಲೋ ಕುರಿ, ಒಂದು ಹಿಡಿ ಅಕ್ಕಿ, ಐದು ಮೊಟ್ಟೆ, ಒಂದೂವರೆ ಕಿಲೋ ಮೊಸರು. ಅವಳು ತೀರಿಕೊಂಡು ಎರಡು ವರ್ಷವಾಗಿತ್ತು. ಅಳತೆ ಬದಲಾಯಿಸಲು ಅವನಿಗೆ ಇನ್ನೂ ಧೈರ್ಯ ಬಂದಿರಲಿಲ್ಲ.

ಮೂವತ್ತೊಂದು ವರ್ಷ ಅವನು, ಇಟಲಿಯ ಎದುರು ದಡದ ದುರ್ರೆಸ್ ಬಂದರಿನಲ್ಲಿ ಕ್ರೇನ್ ನಡೆಸಿದವನು. ಆಕಾಶದಲ್ಲಿ ತೂಗುವ ಗಾಜಿನ ಗೂಡಿನೊಳಗೆ ಒಬ್ಬನೇ ಕೂತು ಮಧ್ಯಾಹ್ನದ ಬುತ್ತಿ ಬಿಚ್ಚುತ್ತಿದ್ದ. ಆಗ ಅದು ಒಂಟಿತನ ಅನ್ನಿಸಿರಲಿಲ್ಲ. ಸಂಜೆ ಇಳಿದು ಬಂದರೆ ಮನೆಯಲ್ಲಿ ಎರಡು ತಟ್ಟೆ ಕಾಯುತ್ತಿದ್ದವು. ಈಗ ಭಾನುವಾರ ಮಾಡಿದ್ದನ್ನು ಬುಧವಾರದವರೆಗೆ ತಿನ್ನುತ್ತಿದ್ದ. ಗುರುವಾರ ಪಾತ್ರೆಯ ಮುಚ್ಚಳ ತೆಗೆದರೆ ಪಾತ್ರೆಯೇ ಇವನನ್ನು ನೋಡಿ ನಿಟ್ಟುಸಿರು ಬಿಟ್ಟಂತೆ ಆಗುತ್ತಿತ್ತು.

ಅದಕ್ಕೇ ಅವನು 'ತಿನ್ನುತ್ತಾ ದುರ್ರೆಸ್ ನೋಡಿ' ಎಂಬ ಪ್ರವಾಸ ಶುರು ಮಾಡಿದ್ದು. ಪರವೂರಿನವರನ್ನು ಮೂರು ಕಡೆ ನಡೆಸಿ, ನಾಲ್ಕು ತುತ್ತು ತಿನ್ನಿಸಿ, ಕೊನೆಗೆ ತನ್ನ ಮನೆಯಲ್ಲಿ ಊಟಕ್ಕೆ ಕೂರಿಸುವುದು. ಪಿಂಚಣಿ ಸಾಲದೆ ಮಾಡುತ್ತಿದ್ದಾನೆ ಎಂದು ಬೀದಿಯವರು ತಿಳಿದಿದ್ದರು. ಅವನೂ ಹಾಗೇ ತಿಳಿಯಲಿ ಎಂದು ಬಿಟ್ಟಿದ್ದ. ವಾರಕ್ಕೊಮ್ಮೆ ಎದುರಿನ ಕುರ್ಚಿಯಲ್ಲಿ ಯಾರಾದರೂ ಕೂತು ಉಣ್ಣಲಿ ಎಂದು ಒಬ್ಬ ಗಂಡಸು ಇಷ್ಟೆಲ್ಲ ಒದ್ದಾಡುತ್ತಾನೆ ಎಂದು ಗೊತ್ತಾದರೆ ಕಾಫಿ ಅಂಗಡಿಯವರಿಗೆ ಒಂದು ವರ್ಷ ನಗಲು ಸರಕು ಸಿಗುತ್ತಿತ್ತು.

ಆದರೆ ಎರಡು ಶನಿವಾರದಿಂದ ಯಾರೂ ಬಂದಿರಲಿಲ್ಲ. ಎಂತೆಲಾ ಶುಕ್ರವಾರವೇ ಎಚ್ಚರಿಸಿದ್ದಳು.

"ಲಿಗೋರ್ ಮಾಮಾ, ನನ್ನ ಹಲಗೇಲಿ ಪ್ರವಾಸಗಳಿಗೆ ಇರೋದೇ ಆರು ಸಾಲು. ನಿಮ್ಮ ಸಾಲಿಗೆ ದೋಣಿಯವನು ಕಾದು ಕೂತಿದಾನೆ. ಈ ಸಲ ಅತಿಥಿ ಶುಲ್ಕ ಕೊಟ್ಟಿದ್ದಕ್ಕೆ ಸಹಿ ಹಾಕಿದ ಚೀಟಿ ತಂದುಕೊಡಿ. ಇಲ್ಲಾಂದ್ರೆ ಅಳಿಸ್ತೀನಿ, ಬೇಜಾರು ಮಾಡ್ಕೋಬೇಡಿ."

"ನಿನ್ನ ಮುನ್ನೂರು ನಾನೇ ಕೊಟ್ಟರೆ ಆಗಲ್ವೇನಮ್ಮ?"

"ನಿಮ್ಮ ದುಡ್ಡು ತಗೊಂಡು ನಾನೇನು ಮಾಡ್ಲಿ? ಅತಿಥಿ ಸಹಿ ಬೇಕು. ಇದು ಕಚೇರಿ ಮಾಮಾ, ನಮ್ಮಮ್ಮನ ಅಡಿಗೆಮನೆ ಅಲ್ಲ."

ಹೀಗೆ ಚೀಟಿಯನ್ನು ಎದೆಯ ಜೇಬಿನಲ್ಲಿಟ್ಟುಕೊಂಡು, ಕುರಿಮಾಂಸವನ್ನು ಒಲೆಗೆ ಹದ ಮಾಡಿಟ್ಟು, ಲಿಗೋರ್ ಬೆಳಿಗ್ಗೆ ಬಂದರಿಗೆ ಹೋದ. ಸಮುದ್ರದಾಚೆಯ ಬಾರಿ ಪಟ್ಟಣದಿಂದ ಬಂದ ಹಡಗಿನಿಂದ ರುಜ್ಜೇರೊ ಎಂಬ ಇಟಲಿಯವನು ಇಳಿದ. ಶಾಲೆಯಲ್ಲಿ ಗಂಟೆ ಹೊಡೆಯುವ ಕೆಲಸದಲ್ಲಿದ್ದು ನಿವೃತ್ತನಾದವನು. ಉದ್ದಕ್ಕೆ, ತೆಳ್ಳಗೆ, ಮಡಚಿಟ್ಟ ಛತ್ರಿಯ ಹಾಗಿದ್ದ. ಮಾತಿಗೆ ತೊಂದರೆಯಿರಲಿಲ್ಲ. ದುರ್ರೆಸಿನಲ್ಲಿ ಲಿಗೋರನ ವಯಸ್ಸಿನವರೆಲ್ಲ ಹೊರದೇಶದ ಟೀವಿಗೆ ನಿಷೇಧವಿದ್ದ ಹಳೆಯ ಕಾಲದಲ್ಲಿ ಇಟಲಿಯದನ್ನು ಕದ್ದು ನೋಡಿಯೇ ಆ ಭಾಷೆ ಕಲಿತವರು.

"ನೀವೊಬ್ಬರೇನಾ?" ಎಂದ ಲಿಗೋರ್.

"ನಾನು ಎಲ್ಲಿಗೆ ಹೋದರೂ ಒಬ್ಬನೇ," ಎಂದ ರುಜ್ಜೇರೊ. "ಮನೇಲಿ ರೇಡಿಯೊ ಹಾಕ್ಕೊಂಡು ಊಟ ಮಾಡ್ತೀನಿ."

"ನಾನು ಟೀವಿ," ಎಂದ ಲಿಗೋರ್. ಆಮೇಲೆ ಇಬ್ಬರೂ ಊರಿನ ಕಡೆ ನಡೆದರು.

ಮೊದಲು ತೆಫಿಕನ ಬ್ಯುರೆಕ್ ಅಂಗಡಿ. ತೆಫಿಕ್ ಒಲೆಯಿಂದ ತಟ್ಟೆಯನ್ನು ಎಳೆಯುತ್ತಿದ್ದವನು ತಲೆ ಎತ್ತಿ ನೋಡಿದ.

"ಉಳಿದವರೆಲ್ಲಿ?"

"ಇವರೊಬ್ಬರೇ ಇವತ್ತು. ಎರಡು ಸಣ್ಣ ತುಂಡು ಕೊಡು, ರುಚಿಗೆ."

ತೆಫಿಕ್ ಚಾಕು ಕೆಳಗಿಟ್ಟ. "ರುಚಿಗಾ? ನಿನಗೇನು ತಲೆ ಕೆಟ್ಟಿದೆಯಾ ಮಾರಾಯ? ನಾಲ್ಕು ಜನ ಬಂದರೆ ಗಿರಾಕಿ. ಒಬ್ಬನೇ ಸಮುದ್ರ ದಾಟಿ ಬಂದು ನಿನ್ನ ಬಾಗಿಲಿಗೆ ನಿಂತರೆ ಅವನು ಅತಿಥಿ. ಅತಿಥಿಗೆ ಯಾರಾದರೂ ಸಣ್ಣ ತುಂಡು ಕೊಡ್ತಾರಾ?"

ಹಾಸುಗಲ್ಲಿನಷ್ಟು ಅಗಲದ ಬ್ಯುರೆಕ್ ತುಂಡೊಂದು ರುಜ್ಜೇರೊನ ಮುಂದೆ ಬಂತು. ಅವನು ತಿಂದು ಮುಗಿಸಿ ಪರ್ಸು ತೆಗೆದ. ತೆಫಿಕ್ ತನ್ನ ಹಿಟ್ಟು ಮೆತ್ತಿದ ಎರಡೂ ಕೈಗಳಿಂದ ಆ ಪರ್ಸನ್ನು ಮುಚ್ಚಿದ.

"ಅದನ್ನ ಒಳಗಿಡಿ ಯಜಮಾನರೇ. ನಮ್ಮೂರಲ್ಲಿ ಒಂಟಿಯಾಗಿ ಬಂದವರ ಹತ್ತಿರ ದುಡ್ಡು ಇಸ್ಕೊಂಡರೆ ಮನೆ ಮೇಲಿನ ಹೆಂಚು ನಗುತ್ತೆ. ಅಲ್ವೇನೋ ಲಿಗೋರ್?"

"ಅಲ್ದೆ ಮತ್ತೆ," ಎಂದ ಲಿಗೋರ್. ಪರ್ಸು ಬಿಲಕ್ಕೆ ಹೋಗುವ ಇಲಿಯಂತೆ ಮೆಲ್ಲಗೆ ಜೇಬಿನೊಳಗೆ ಇಳಿಯುವುದನ್ನು ಅವನು ಕಣ್ಣು ಮಿಟುಕಿಸದೆ ನೋಡಿದ. ಚೀಟಿ ತೆಗೆಯಲು ಜೇಬಿಗೆ ಹಾಕಿದ್ದ ಕೈ ಹಾಗೇ ಹೊರಗೆ ಬಂತು. ಚೀಟಿಗೆ ಬೆಣ್ಣೆಯ ಕಲೆಯಷ್ಟೇ ಲಾಭ.

ಅಷ್ಟಕ್ಕೇ ನಿಲ್ಲಲಿಲ್ಲ. "ಅತಿಥೀನ ಊರು ತೋರಿಸೋಕೆ ನೀನೊಬ್ಬ ಸಾಲಲ್ಲ," ಎಂದು ತೆಫಿಕ್ ಅಂಗಡಿಯನ್ನು ತಮ್ಮನಿಗೆ ಒಪ್ಪಿಸಿ ಏಪ್ರನ್ ಬಿಚ್ಚಿ ಹೊರಟೇಬಿಟ್ಟ.

ಬಂದರಿನ ಬಳಿ ಮೀನು ಕರಿಯುವವನಿಗೆ ತೆಫಿಕನೇ ಮುಂದೆ ಹೋಗಿ ಸುದ್ದಿ ಹೇಳಿದ್ದ. ಅಂಗೈಯಲ್ಲಿ ಹಿಡಿಯುವಷ್ಟು ಸಣ್ಣ ಮೀನಿನ ಬದಲು ಮೊಳದುದ್ದದ ಮೀನು ಬಂತು. "ನಿನ್ನ ಅತಿಥಿ ಅಂತ ಕೇಳಿದೆ, ಲಿಗೋರ್. ನಿನ್ನ ಮರ್ಯಾದೆ ಉಳಿಸಿದೀನಿ," ಎಂದು ಮೀನಿನವನು ಕಿವಿಯಲ್ಲಿ ಹೇಳಿ ಎರಡು ಸಾವಿರ ತೆಗೆದುಕೊಂಡ. ರುಜ್ಜೇರೊ ಈ ಸಲ ಪರ್ಸಿಗೆ ಕೈ ಹಾಕಲೋ ಬೇಡವೋ ಎಂದು ತೆಫಿಕನ ಮುಖ ನೋಡಿದ. ತೆಫಿಕ್ ಹುಬ್ಬು ಗಂಟಿಕ್ಕಿದ. ಕೈ ಹಿಂದಕ್ಕೆ ಬಂತು. ಬೇಗ ಕಲಿಯುವ ಮನುಷ್ಯ.

ಕಾಫಿ ಅಂಗಡಿಯಲ್ಲಿ ಇನ್ನೂ ಫಜೀತಿ. ಇವರು ಕೂತ ಮೇಜಿಗೆ, ಅತಿಥಿಯ ಮುಖ ನೋಡಿ ಹೋಗುತ್ತೇವೆ ಎಂದು ಹಳೆಯ ಬಂದರಿನ ಗೆಳೆಯರು ನಾಲ್ವರು ಕುರ್ಚಿ ಎಳೆದುಕೊಂಡರು. ಏಳು ಕಾಫಿ, ಜೊತೆಗೆ ಏಳು ಲೋಟ ರಾಕಿ ಮದ್ಯ. ಬಿಲ್ಲು ಬಂದ ಕೂಡಲೇ ಊರಿನ ಪದ್ಧತಿಯಂತೆ ಯುದ್ಧ ಶುರುವಾಯಿತು. ಒಬ್ಬ ಬಿಲ್ಲು ಕಿತ್ತುಕೊಂಡ. ಇನ್ನೊಬ್ಬ ಅವನ ಮುಂಗೈ ಹಿಡಿದ. ಮೂರನೆಯವನು ಪರಿಚಾರಕನ ಜೇಬಿಗೇ ನೋಟು ತುರುಕಿದ. ಲಿಗೋರನೂ ಎದ್ದು ಸುಮ್ಮನೆ ಕೈ ಚಾಚಿದ. ಈ ಯುದ್ಧದಲ್ಲಿ ಸೋಲಬೇಕೆಂದು ಜೀವಮಾನದಲ್ಲಿ ಮೊದಲ ಬಾರಿಗೆ ಮನಸಾರೆ ಬಯಸಿದ್ದ.

ಅಷ್ಟರಲ್ಲಿ ತೆಫಿಕ್ ಮೇಜು ಕುಟ್ಟಿದ. "ಬಿಡ್ರೋ ಎಲ್ಲಾ. ಅತಿಥಿ ಯಾರವನು? ಲಿಗೋರನವನು. ಬೇರೆಯವರು ಕೊಟ್ಟರೆ ಅವನ ಮುಖ ಎಲ್ಲಿಡೋದು?"

ಗೆಳೆಯರು ನಾಲ್ವರೂ ತಕ್ಷಣ ಕೈ ಬಿಟ್ಟರು. ಪರಿಚಾರಕ ಜೇಬಿನಿಂದ ನೋಟು ತೆಗೆದು ವಾಪಸು ಕೊಟ್ಟ. ಲಿಗೋರ್ ಗೆದ್ದ. ಗೆದ್ದವನ ಮುಖ ಹುಳಿ ದ್ರಾಕ್ಷಿ ಕಚ್ಚಿದಂತಿತ್ತು.

ಮನೆಯ ಮೆಟ್ಟಿಲಲ್ಲಿ ಕೆಳಮನೆಯ ವಿಧವೆ ಹೈರಿಯೆ ಎಳೆ ವಾಲ್ನಟ್ಟಿನ ಸಿಹಿಯನ್ನು ತಟ್ಟೆಯಲ್ಲಿಟ್ಟುಕೊಂಡು ದಾರಿ ಕಟ್ಟಿ ನಿಂತಿದ್ದಳು. ಸುದ್ದಿ ಅವಳಿಗೆ ಅವರಿಗಿಂತ ಮೊದಲೇ ತಲುಪಿತ್ತು.

"ಏನಣ್ಣ ಲಿಗೋರ್, ಒಂಟಿ ಅತಿಥಿ ಕೈಯಿಂದ ಮೂರು ಸಾವಿರ ಕೀಳ್ತೀಯಂತೆ? ವಾಸಿಲ್ಕಾ ಇದ್ದಿದ್ದರೆ ಸೌಟಿನಲ್ಲಿ ಕೊಡ್ತಿದ್ದಳು ನಿನಗೆ."

"ಯಾರು ಕಿತ್ತರು ಹೈರಿಯೆ? ನಾನು ಕೇಳೇ ಇಲ್ಲ."

"ಕೇಳಬಾರದು ಅಂತ್ಲೇ ನಾನೂ ಮೇಲೆ ಬರ್ತಿದೀನಿ."

ಹೀಗೆ ನಾಲ್ಕು ಜನ ಮೇಲೆ ಹತ್ತಿದರು. ಲಿಗೋರನ ಮೇಜಿಗೆ ಇದ್ದುದು ನಾಲ್ಕೇ ಕುರ್ಚಿ. ಎರಡು ವರ್ಷದಲ್ಲಿ ಮೊದಲ ಸಲ ನಾಲ್ಕೂ ಒಟ್ಟಿಗೆ ಕಿರುಗುಟ್ಟಿದವು. ಕಂದು ಬಣ್ಣಕ್ಕೆ ಉಬ್ಬಿದ ಮೊಸರಿನ ಪದರವನ್ನು ಅವನು ಚಮಚದಿಂದ ಒಡೆದಾಗ ಹಬೆ ಎದ್ದು ಎಲ್ಲರ ಕನ್ನಡಕಗಳೂ ಮಂಜಾದವು. ಹೈರಿಯೆ ಮೊದಲ ತುತ್ತು ಬಾಯಿಗಿಟ್ಟಳು. "ಅವಳದೇ ಕೈ," ಎಂದಳು. ತೆಫಿಕ್ ಎರಡನೆಯ ಸಲ ಬಡಿಸಿಕೊಂಡ. ರುಜ್ಜೇರೊ ಬ್ರೆಡ್ಡಿನ ಚೂರಿನಿಂದ ತಟ್ಟೆಯನ್ನು ಒರೆಸಿ ಒರೆಸಿ ತಿಂದ. ಒಂದು ಕಿಲೋದ ಅಳತೆ ನಾಲ್ಕು ಜನಕ್ಕೆ ಸರಿಯಾಗಿ ಮುಗಿಯಿತು. ಪಾತ್ರೆಯ ತಳ ಕಂಡದ್ದನ್ನು ಲಿಗೋರ್ ಎರಡು ಸಲ ಬಗ್ಗಿ ನೋಡಿದ.

ಇಂಥ ಶನಿವಾರ ಇನ್ನೊಂದು ಬರಬೇಕಾದರೆ ಹಲಗೆಯಲ್ಲಿ ಹೆಸರು ಇರಬೇಕು. ಹೆಸರು ಇರಬೇಕಾದರೆ ಸಹಿ ಬೇಕು. ಸಂಜೆ ಹಡಗಿಗೆ ಹೊತ್ತಾಗಿ ರುಜ್ಜೇರೊ ಎದ್ದಾಗ ಲಿಗೋರ್ ಗಟ್ಟಿ ಮನಸ್ಸು ಮಾಡಿ, ಬೆಣ್ಣೆ, ಕಾಫಿ, ಸಕ್ಕರೆ ಪಾಕ ಎಲ್ಲವೂ ಮೆತ್ತಿದ್ದ ಚೀಟಿಯನ್ನು ಮೇಜಿನ ಮೇಲಿಟ್ಟ.

"ಇದೊಂದು ಕಚೇರಿಯ ನಿಯಮ," ಎಂದ. "ಶುಲ್ಕದ ವಿಷಯ. ಇಲ್ಲೊಂದು ಸಹಿ."

ತೆಫಿಕ್ ಕೆಮ್ಮಿದ. ಹೈರಿಯೆ ಗೋಡೆಯ ಮೇಲಿನ ವಾಸಿಲ್ಕಾಳ ಫೋಟೊ ನೋಡಿದಳು. ಲಿಗೋರನೂ ಅತ್ತ ನೋಡಿದ. ನೋಡಬಾರದಿತ್ತು. "ಬರೀ ಸಹಿ," ಎಂದು ಸೇರಿಸಿದ, ದನಿ ಕುಸಿದಿತ್ತು.

ರುಜ್ಜೇರೊ ಎದೆಯ ಮೇಲೆ ಕೈಯಿಟ್ಟುಕೊಂಡ. "ಗೊತ್ತಾಯ್ತು. ಇವತ್ತು ಬೆಳಗಿಂದ ಕಲಿತಿದೀನಿ. ನಿಮಗೆ ದುಡ್ಡು ಕೊಟ್ಟು ಅವಮಾನ ಮಾಡಲ್ಲ." ಪೆನ್ನು ತೆಗೆದು, ಚೀಟಿಯ ತುಂಬಾ ಏನೇನೋ ಬರೆದು, ಕೆಳಗೆ ದೊಡ್ಡದಾಗಿ ಸಹಿ ಹಾಕಿದ. ಬಾಗಿಲಲ್ಲಿ ಲಿಗೋರನನ್ನು ಅಪ್ಪಿಕೊಂಡು, "ಮನೇಲಿ ಇನ್ನು ರೇಡಿಯೊ ಹಾಕೋಕೆ ಮನಸ್ಸು ಬರಲ್ಲ," ಎಂದು ಹೇಳಿ ಹೊರಟುಹೋದ.

ಚೀಟಿಯಲ್ಲಿ ಇದ್ದುದು ಇಷ್ಟು: "ಶುಲ್ಕ ತೆಗೆದುಕೊಳ್ಳಲಿಲ್ಲ. ಈ ಊರಿನಲ್ಲಿ ಒಬ್ಬರೇ ಬಂದರೆ ಅತಿಥಿ, ಅತಿಥಿ ಕಾಸು ಕೊಡುವಂತಿಲ್ಲ. ನನ್ನ ಜೀವನದ ಒಳ್ಳೆಯ ಊಟ."

ಸಹಿ ಇತ್ತು, ನಿಜ. ಕಚೇರಿ ಮುಚ್ಚುವ ಮೊದಲು ಲಿಗೋರ್ ಅದನ್ನು ಎಂತೆಲಾಳ ಮುಂದೆ ಇಟ್ಟು, ತಲೆ ತಗ್ಗಿಸಿ ನಿಂತ. ಎಂತೆಲಾ ಓದಿದಳು. ಒರೆಸುವ ಬಟ್ಟೆ ಎತ್ತಿಕೊಂಡು ಹಲಗೆಯ ಹತ್ತಿರ ಹೋದಳು. ಲಿಗೋರ್ ಕಣ್ಣು ಮುಚ್ಚಿದ. ಬಿಟ್ಟಾಗ ಅವನ ಹೆಸರು ಅಲ್ಲೇ ಇತ್ತು. ಅದರ ಪಕ್ಕದಲ್ಲಿ ಸಣ್ಣದಾಗಿ ಬರೆದಿಟ್ಟಿದ್ದ ದೋಣಿಯವನ ಹೆಸರು ಅಳಿಸಿಹೋಗಿತ್ತು. ಎಂತೆಲಾ ಚೀಟಿಯನ್ನು ಹಲಗೆಯ ಮೇಲೆ ಅಂಟಿಸುತ್ತಿದ್ದಳು.

"ಮಾಮಾ, ಇದಕ್ಕಿಂತ ಜಾಹೀರಾತು ಬೇಕಾ? ಹೆಸರು ಬರೆಸೋಕೆ ಅಂತ ತಲೆಗೆ ಮುನ್ನೂರು ನಾನು ಬರೋ ಅತಿಥಿಗಳ ಹತ್ತಿರಾನೇ ಇಸ್ಕೋತೀನಿ. ನೀವೇನೂ ಚಿಂತೆ ಮಾಡಬೇಡಿ."

ಲಿಗೋರ್ ಚಿಂತೆ ಮಾಡಲಿಲ್ಲ. ಆ ವಾರವಿಡೀ ಹಗುರವಾಗಿದ್ದ. ಇನ್ನೊಬ್ಬ ರುಜ್ಜೇರೊ ಬಂದಾನು, ತೆಫಿಕ್, ಹೈರಿಯೆ ಬಂದಾರು, ನಾಲ್ಕು ಕುರ್ಚಿ ತುಂಬೀತು ಎಂದುಕೊಂಡು ಕುರ್ಚಿಗಳ ಸಡಿಲ ಮೊಳೆಗಳನ್ನೂ ಬಿಗಿ ಮಾಡಿಟ್ಟ.

ಮುಂದಿನ ಶನಿವಾರ ಬೆಳಿಗ್ಗೆ ಬಂದರಿನಲ್ಲಿ ಹನ್ನೊಂದು ಜನ ನಿಂತಿದ್ದರು. ಗುಂಪಾಗಿ ಅಲ್ಲ, ಒಬ್ಬರಿಂದೊಬ್ಬರು ಎರಡೆರಡು ಮಾರು ದೂರ.

"ನಾನು ಒಬ್ಬನೇ ಬಂದಿದ್ದೀನಿ," ಎಂದ ಮೊದಲನೆಯವನು.

"ನಾನೂ ಒಬ್ಬಳೇ," ಎಂದಳು ಪಕ್ಕದವಳು. ಅವಳ ಹಿಂದೆ ನಿಂತವನ ಕೈಯಲ್ಲೂ ಅವಳದೇ ಥರದ ಹಸಿರು ಪೆಟ್ಟಿಗೆ ಇತ್ತು. "ಇವರು ಯಾರೋ ನನಗೆ ಗೊತ್ತಿಲ್ಲ," ಎಂದು ಯಾರೂ ಕೇಳದಿದ್ದರೂ ಅವಳೇ ಹೇಳಿದಳು. ಅವನು ಅವಳ ಕಾಲರಿನ ಮೇಲಿದ್ದ ನೂಲೊಂದನ್ನು ತೆಗೆದು ಬಿಸಾಡಿ, ಸಮುದ್ರದ ಕಡೆ ತಿರುಗಿದ.

ಲಿಗೋರ್ ತೆಫಿಕನ ಮುಖ ನೋಡಿದ. ತೆಫಿಕ್ ತಲೆ ಕೆರೆದುಕೊಂಡ. "ಹನ್ನೊಂದು ಜನಾನೂ ಒಂಟಿ," ಎಂದ. "ಏನು ಮಾಡೋಕಾಗುತ್ತೆ ಮಾರಾಯ? ಹೇಳಿದವನು ನಾನೇ."

ಲಿಗೋರ್ ಮಾಂಸದ ಅಳತೆ ಮೂರು ಸಲ ಹಾಕಿ, ಮೂರು ಪಾತ್ರೆ ಇಟ್ಟ. ತೆಫಿಕ್ ಅಂಗಡಿಯ ಬೆಂಚು ಹೊತ್ತು ತಂದು ಇಟ್ಟು, ಶನಿವಾರದ ಗಿರಾಕಿ ಬಂದರೆಂದು ಓಡಿದ. ಹೈರಿಯೆ ತನ್ನ ತಟ್ಟೆಗಳನ್ನೆಲ್ಲ ಕಳಿಸಿ, ಜನಜಂಗುಳಿ ತನಗಾಗದು ಎಂದು ಕೆಳಗೇ ಉಳಿದಳು. ಊರು ಸುತ್ತಿ ಮೂರನೆಯ ಕಡೆಗೆ, ಕಾಫಿ ಅಂಗಡಿಗೆ, ಬರುವಷ್ಟರಲ್ಲಿ ಹನ್ನೊಂದು ಒಂಟಿಗಳೂ ಗೆಳೆಯರಾಗಿ ಮೊಮ್ಮಕ್ಕಳ ಫೋಟೊ ತೋರಿಸಿಕೊಳ್ಳುತ್ತಿದ್ದರು. ಮೇಜಿನ ಸುತ್ತ ಕೂತ ಮೇಲೆ ಆ ಮನೆ ಮದುವೆ ಮನೆಯಂತೆ ಗದ್ದಲವಾಯಿತು.

ಕೊನೆಯ ಪಾತ್ರೆ ಬಡಿಸಿ ಲಿಗೋರ್ ಸುತ್ತ ನೋಡಿದ. ಕುರ್ಚಿಯೂ ಉಳಿದಿರಲಿಲ್ಲ, ತಟ್ಟೆಯೂ ಉಳಿದಿರಲಿಲ್ಲ.

"ನೀವೂ ಕೂತ್ಕೊಳ್ಳಿ," ಎಂದರು ಯಾರೋ, ಜಾಗ ಬಿಡದೆ.

"ನನ್ನದು ಆಮೇಲೆ," ಎಂದು ಅಡಿಗೆಮನೆಗೆ ಹೋದ. ಒಲೆಯ ಪಕ್ಕ ನಿಂತು, ಪಾತ್ರೆಯ ಅಂಚಿಗೆ ಅಂಟಿದ್ದನ್ನು ಮರದ ಸೌಟಿನಿಂದ ಕೆರೆದು ತಿಂದ. ಗೋಡೆಯಾಚೆ ನಗು ಕೇಳುತ್ತಿತ್ತು. ಸ್ವಲ್ಪ ಹೊತ್ತಿಗೆ ಎಲ್ಲರೂ ಸಮುದ್ರದ ದಂಡೆಗೆ ಸಂಜೆಯ ನಡಿಗೆಗೆಂದು ಒಟ್ಟಾಗಿ ಇಳಿದು ಹೋದರು. ಹಸಿರು ಪೆಟ್ಟಿಗೆಯವರಿಬ್ಬರು ಮೆಟ್ಟಿಲಲ್ಲಿ ಮರೆತು ಕೈ ಹಿಡಿದುಕೊಂಡಿದ್ದರು.

ಆ ಶನಿವಾರ ಲಿಗೋರನಿಗೆ ಖರ್ಚಾದದ್ದು ಹನ್ನೆರಡು ಸಾವಿರದ ನಾನೂರ ಐವತ್ತು ಲೆಕ್. ಬಂದದ್ದು ಏನೂ ಇಲ್ಲ. ಹಲಗೆಯಲ್ಲಿ ಅವನ ಹೆಸರು ಉಳಿಯಿತು. ತೊಳೆಯಲು ಹನ್ನೊಂದು ತಟ್ಟೆ ಇದ್ದವು. ಅವುಗಳಲ್ಲಿ ಅವನು ಉಂಡದ್ದು ಒಂದೂ ಇರಲಿಲ್ಲ.